ಗೋಡೆ ಬಿದ್ದದ್ದು ಯಾವತ್ತು?

2019ರ ಮಳೆಗಾಲದಲ್ಲಿ ನಮ್ಮ ಬಳಗದ ಗೆಳೆಯನೊಬ್ಬನ ದೊಡ್ಡಪ್ಪಯ್ಯನ ಮನೆಗೆ ಬೆಂಕಿ ಬಿತ್ತು. ಮಲೆನಾಡಿನ ಹಳೇ ಹೆಂಚಿನ ಮನೆ. ಅಟ್ಟದ ವೈರು ಹೊತ್ತಿಕೊಂಡು ಜಂತೆ, ಪಕಾಸಿ, ರೀಪು ಎಲ್ಲ ಸುಟ್ಟವು. ಅಟ್ಟದಲ್ಲಿದ್ದ ಅಡಿಕೆ ಮೂಟೆಗಳೂ ಹೋದವು. ಜೀವಕ್ಕೇನೂ ಆಗಲಿಲ್ಲ. ಮನೆ ರಿಪೇರಿಗೆಂದು ಬ್ಯಾಂಕಿನಲ್ಲಿ ಸಾಲ ಮಾಡಿದ್ದರಿಂದ ವಿಮೆ ಇತ್ತು. 'ಇತ್ತು' ಎಂಬುದು ಗೊತ್ತಾಗಿದ್ದೂ ಬೆಂಕಿ ಬಿದ್ದ ಮೇಲೆಯೇ. ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಒಂದಿಷ್ಟು ಹಣ ಕಡಿತವಾಗುತ್ತಿದ್ದುದನ್ನು ಅವರು ಬ್ಯಾಂಕಿನ ಏನೋ ಖರ್ಚು ಎಂದುಕೊಂಡಿದ್ದರು.

ವಾರದ ಮೇಲೆ ಸರ್ವೇಯರ್ ಬಂದರು. ಸುಟ್ಟ ಮಾಡನ್ನು ನೋಡಿದರು, ಫೋಟೊ ತೆಗೆದರು. ಆಮೇಲೆ ಹಿತ್ತಿಲ ಕಡೆ ಹೋಗಿ, ಬೆಂಕಿಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ ಕೇಳಿದರು.

"ಈ ಗೋಡೆ ಬಿದ್ದದ್ದು ಯಾವತ್ತು ಯಜಮಾನ್ರೇ?"

"ಅದಾ? ಅದು ಬೆಂಕಿಗೆ ಬಿದ್ದದ್ದಲ್ಲ. ತಿಂಗಳ ಮೊದಲ ವಾರ ಮಳೆ ಜೋರಿತ್ತಲ್ಲ, ಆವಾಗ. ಹಳೇ ಮಣ್ಣಿನ ಗೋಡೆ ಮಾರಾಯ್ರೇ, ತನ್ನಷ್ಟಕ್ಕೆ ಕೂತ್ಕಂತು."

ಸರ್ವೇಯರ್ ಬರೆದುಕೊಂಡರು. ಗೋಡೆ ಬಿದ್ದು 18 ದಿನಕ್ಕೆ ಬೆಂಕಿ. ಕಾಫಿ ಕುಡಿದು ಹೊರಟುಹೋದರು. ದೊಡ್ಡಪ್ಪಯ್ಯ ಸುಳ್ಳು ಹೇಳಲಿಲ್ಲ, ಸುಟ್ಟದ್ದನ್ನು ಸುಟ್ಟದ್ದು ಎಂದರು, ಬಿದ್ದದ್ದನ್ನು ಬಿದ್ದದ್ದು ಎಂದರು. ಆದರೆ ಆ ಒಂದು ಮಾತಿನಿಂದ ಇಡೀ ಕ್ಲೇಮು ಹೋಗುವುದರಲ್ಲಿತ್ತು. ಏಕೆಂದು ತಿಳಿಯಲು ನಾವು ಪಾಲಿಸಿ ತರಿಸಿಕೊಂಡು ಓದಲು ಕೂತೆವು. ಓದುತ್ತಾ ಹೋದಂತೆ ಅದರ ಒಂದೊಂದು ಸಾಲಿನ ಹಿಂದೆಯೂ ಯಾವುದೋ ಊರಿನ ಬೂದಿ ಕಾಣತೊಡಗಿತು.

ಮೊದಲ ಬೂದಿ ಲಂಡನ್ನಿನದು. 1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಓಣಿಯ ಒಂದು ಬೇಕರಿಯಲ್ಲಿ ಹೊತ್ತಿಕೊಂಡ ಬೆಂಕಿ ನಾಲ್ಕು ದಿನ ಉರಿದು, ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಶಾಲೆಯ ಪಾಠದಲ್ಲಿ ಕತೆ ಇಲ್ಲಿಗೆ ಮುಗಿಯುತ್ತದೆ. ಬೆಂಕಿ ಆರಿದ ಮೇಲೆ ಶುರುವಾದ ಜಗಳ ನಮಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಆ ಊರಿನಲ್ಲಿ ಬಹಳಷ್ಟು ಜನ ಗೇಣಿ ಕರಾರಿನ ಮೇಲೆ ಮನೆ ಹಿಡಿದಿದ್ದರು. ಮನೆಯ ರಿಪೇರಿ ಬಾಡಿಗೆದಾರನದೇ ಎಂದು ಹಲವು ಕರಾರುಗಳಲ್ಲಿತ್ತು. ಮನೆ ಸುಟ್ಟರೂ ಕರಾರು ಸುಡಲಿಲ್ಲ. ಅಂದರೆ ಇಲ್ಲದ ಮನೆಗೆ ಬಾಡಿಗೆ ಕಟ್ಟುತ್ತಾ, ಅದೇ ಮನೆಯನ್ನು ಸ್ವಂತ ದುಡ್ಡಿನಲ್ಲಿ ಮತ್ತೆ ಕಟ್ಟಿಕೊಡಬೇಕು! ಇಂಥ ತಕರಾರುಗಳಿಗಾಗಿಯೇ 1667ರಲ್ಲಿ 'ಬೆಂಕಿ ನ್ಯಾಯಾಲಯ' ಕೂತಿತು. ನ್ಯಾಯಾಧೀಶರು ಕರಾರಿನ ಅಕ್ಷರಕ್ಕೆ ಅಂಟಿಕೊಳ್ಳದೆ, ಕಟ್ಟುವವನಿಗೆ ಗೇಣಿಯ ಅವಧಿ ಹೆಚ್ಚಿಸಿ, ಬಾಡಿಗೆ ಇಳಿಸಿ, ನಷ್ಟವನ್ನು ಇಬ್ಬರಿಗೂ ಹಂಚಿದರು. ಅದಕ್ಕಾಗಿ ಅವರು ಸಂಬಳವನ್ನೂ ಪಡೆಯಲಿಲ್ಲ.

ಸುಟ್ಟ ಊರನ್ನು ಕಟ್ಟುವವರಲ್ಲಿ ನಿಕೋಲಸ್ ಬಾರ್ಬನ್ ಎಂಬೊಬ್ಬನಿದ್ದ. ವೈದ್ಯಕೀಯ ಓದಿ ರಿಯಲ್ ಎಸ್ಟೇಟಿಗೆ ಇಳಿದವನು. (ಈ ಜಾತಿಯವರು ಎಲ್ಲ ಕಾಲದಲ್ಲೂ ಇದ್ದಾರೆ.) 1680ರ ಹೊತ್ತಿಗೆ ಆತ ಜೊತೆಗಾರರೊಡನೆ 'ಫೈರ್ ಆಫೀಸ್' ತೆರೆದ. ಇಟ್ಟಿಗೆ ಮನೆಗೆ ವರ್ಷದ ಬಾಡಿಗೆಯ ಶೇಕಡ 2.5, ಮರದ ಮನೆಗೆ ಶೇಕಡ 5ರಷ್ಟು ಕಂತು. ಮರದ ಮನೆಯವನು ಎರಡರಷ್ಟು ಕೊಡಬೇಕು ಎಂಬ ಈ ಲೆಕ್ಕ ಮುನ್ನೂರು ವರ್ಷ ದಾಟಿ ನಮ್ಮೂರಿಗೂ ಬಂತು. ನಮ್ಮ ದೇಶದ ಬೆಂಕಿ ವಿಮೆಯ ದರಪಟ್ಟಿಯಲ್ಲಿ ಸೋಗೆ, ಹುಲ್ಲು, ಬಿದಿರು, ಹಲಗೆ, ಟಾರ್ಪಾಲಿನ ಮನೆಗಳನ್ನು 'ಕಚ್ಚಾ' ಎಂದು ಬೇರೆ ತೆಗೆದು ಹೆಚ್ಚಿನ ದರ ಹಾಕುತ್ತಿದ್ದರು. ಬೇಗ ಸುಡುವ ಮನೆ ಬಡವರದು, ಹೆಚ್ಚಿನ ದರವೂ ಅವರಿಗೇ. ಲೆಕ್ಕ ಸರಿಯೇ ಇರಬಹುದು. ಓದುವಾಗ ಮಾತ್ರ ಚುರುಕ್ಕೆನ್ನುತ್ತದೆ.

ಮುಂದೆ ಇಂಥ ಕಂಪನಿಗಳು ಹತ್ತಾರಾದವು. ವಿಮೆ ಮಾಡಿಸಿದ ಮನೆಯ ಗೋಡೆಗೆ ಸೀಸದ ಬಿಲ್ಲೆ ಹೊಡೆಯುತ್ತಿದ್ದರು, ಕಂಪನಿಗಳೇ ಬೆಂಕಿ ಆರಿಸುವ ಆಳುಗಳನ್ನೂ ಇಟ್ಟುಕೊಂಡಿದ್ದವು. ಬಿಲ್ಲೆ ಇಲ್ಲದ ಮನೆ ಉರಿಯುತ್ತಿದ್ದರೆ ಆ ಆಳುಗಳು ಕೈಕಟ್ಟಿ ನೋಡುತ್ತಿದ್ದರು ಎಂಬ ಕತೆ ಬಹಳ ಪ್ರಸಿದ್ಧ, ಆದರೆ ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ಪಕ್ಕದ ಮನೆ ಉರಿದರೆ ತಮ್ಮ ಬಿಲ್ಲೆಯ ಮನೆಗೂ ಹತ್ತುತ್ತದೆ ಎಂಬುದು ಅವರಿಗೂ ತಿಳಿದಿರಲೇಬೇಕು.

ಬೆಂಕಿ ಅಂದರೆ ಬೆಂಕಿ, ಅದರಲ್ಲಿ ಯಾವ ಬೆಂಕಿ ಎಂದು ಕೇಳುವುದೇನಿದೆ? ಕಂಪನಿಗಳು ಕೇಳಿದವು. ಶತ್ರುಸೈನ್ಯ ಹಚ್ಚಿದ ಬೆಂಕಿ, 'ಅಪಹರಿಸಿದ ಅಧಿಕಾರ' ಹಚ್ಚಿದ ಬೆಂಕಿ ನಮಗೆ ಸೇರಿದ್ದಲ್ಲ ಎಂದು ಪಾಲಿಸಿಯಲ್ಲಿ ಬರೆದವು. 1766ರಲ್ಲಿ ನಾರ್ವಿಚ್ ಎಂಬಲ್ಲಿ ದವಸದ ಬೆಲೆ ಏರಿ ಜನ ದಂಗೆಯೆದ್ದರು, ಡ್ರಿಂಕ್‌ವಾಟರ್ ಎಂಬಾತನ ಮಾಲ್ಟ್ ತಯಾರಿಸುವ ಕಟ್ಟಡಕ್ಕೆ ಬೆಂಕಿ ಬಿತ್ತು. ಗುಂಪು ಅಧಿಕಾರ ಕೈಗೆತ್ತಿಕೊಂಡಿತ್ತು, ಆದ್ದರಿಂದ ಹಣ ಕೊಡುವುದಿಲ್ಲ ಎಂದಿತು ಕಂಪನಿ. ನ್ಯಾಯಾಲಯ ಒಪ್ಪಲಿಲ್ಲ. ಹೊಟ್ಟೆಗಿಲ್ಲದೆ ಎದ್ದ ಗುಂಪು ರಾಜ್ಯ ಕಸಿಯಲು ಬಂದದ್ದಲ್ಲ, ಹಣ ಕೊಡಿ ಎಂದಿತು.

ಪಾಲಿಸಿ ಬರೆಯುವವರು ಸುಮ್ಮನೆ ಕೂರುತ್ತಾರೆಯೇ? 1780ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಕ್ಯಾಥೊಲಿಕರ ವಿರುದ್ಧ ಗಾರ್ಡನ್ ದಂಗೆ ನಡೆದು, ಲ್ಯಾಂಗ್‌ಡೇಲ್ ಎಂಬ ಕ್ಯಾಥೊಲಿಕ್ ವ್ಯಾಪಾರಿಯ ಸಾರಾಯಿ ಭಟ್ಟಿ ಸುಟ್ಟುಹೋಯಿತು. ಅವನು ಪರಿಹಾರ ಕೇಳಿದಾಗ ಅವನ ಪಾಲಿಸಿಯಲ್ಲಿ 'ನಾಗರಿಕ ಗಲಭೆ' ಎಂಬ ಇನ್ನೆರಡು ಪದಗಳಿದ್ದವು. ಈ ಸಲ ಕಂಪನಿ ಗೆದ್ದಿತು. ಆ ಪ್ರಕರಣ ನಡೆಸಿದ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್. ಅದೇ ದಂಗೆಯಲ್ಲಿ, ಅದೇ ವಾರ, ಅವರ ಸ್ವಂತ ಮನೆಯನ್ನೂ ಪುಸ್ತಕ ಭಂಡಾರದ ಸಮೇತ ದಂಗೆಕೋರರು ಸುಟ್ಟಿದ್ದರು. ಮನೆ ಕಳೆದುಕೊಂಡವರೇ ಕೂತು, ಪಾಲಿಸಿಯಲ್ಲಿ ಹೀಗೆ ಬರೆದಿದೆ, ಇದಕ್ಕೆ ಹಣ ಬರುವುದಿಲ್ಲ ಎಂದು ಹೇಳಿದ್ದರು. ಹದಿನಾಲ್ಕು ವರ್ಷಗಳ ಅಂತರದಲ್ಲಿ ಎರಡು ಬೆಂಕಿ, ಎರಡು ಉತ್ತರ. ನಡುವೆ ಬದಲಾದದ್ದು ಕಾಗದದ ಮೇಲಿನ ಒಂದು ನುಡಿಗಟ್ಟು.

ಗೋಡೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇನ್ನೊಂದು ಖಂಡದಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ.

1906ರ ಏಪ್ರಿಲ್ 18, ಬೆಳಗಿನ ಜಾವ 5 ಗಂಟೆ 12 ನಿಮಿಷ. ಭೂಮಿ ಒಂದು ನಿಮಿಷಕ್ಕೂ ಕಡಿಮೆ ನಡುಗಿತು, ಊರು ಮೂರು ದಿನ ಉರಿಯಿತು. ಗ್ಯಾಸ್ ಕೊಳವೆಗಳು ಒಡೆದಿದ್ದವು. ನೀರಿನ ಕೊಳವೆಗಳೂ ಒಡೆದಿದ್ದರಿಂದ ಅಗ್ನಿಶಾಮಕರ ಪೈಪಿನಲ್ಲಿ ನೀರೇ ಇಲ್ಲ. ಅಗ್ನಿಶಾಮಕ ದಳದ ಮುಖ್ಯಸ್ಥರು ಕಂಪನದಲ್ಲೇ ತೀವ್ರವಾಗಿ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬೆಂಕಿಯ ದಾರಿ ಕಡಿಯಲು ಡೈನಮೈಟ್ ಇಟ್ಟು ಮನೆ ಉರುಳಿಸಿದರು, ಎಷ್ಟೋ ಕಡೆ ಆ ಡೈನಮೈಟೇ ಹೊಸ ಬೆಂಕಿ ಹಚ್ಚಿತು. ಒಬ್ಬ ಹೆಂಗಸು ಬೆಳಗಿನ ತಿಂಡಿಗೆಂದು ಒಲೆ ಹಚ್ಚಿದಳು, ಹೊಗೆಗೂಡು ಕಂಪನದಲ್ಲಿ ಬಿರುಕು ಬಿಟ್ಟದ್ದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದ ಎದ್ದ ಬೆಂಕಿ ಹಲವು ಬೀದಿಗಳನ್ನು ತಿಂದಿತು. ಅದಕ್ಕೆ ಜನ 'ಹಂದಿಮಾಂಸ-ಮೊಟ್ಟೆಯ ಬೆಂಕಿ' ಎಂದು ಆ ತಿಂಡಿಯ ಹೆಸರನ್ನೇ ಇಟ್ಟರು. ಒಟ್ಟು ಸುಮಾರು 28,000 ಕಟ್ಟಡಗಳು ನಾಶವಾದವು. ನಾಲ್ಕು ಲಕ್ಷ ಜನರ ಊರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಯಲಿಗೆ ಬಿದ್ದರು.

ಅಲ್ಲಿ ಬಹಳ ಜನರಿಗೆ ಬೆಂಕಿ ವಿಮೆ ಇತ್ತು. ಭೂಕಂಪದ ವಿಮೆ ಇರಲಿಲ್ಲ. ಆಗ ಅಮೆರಿಕದಲ್ಲಿ ಚಾಲ್ತಿಯಲ್ಲಿದ್ದ ನ್ಯೂಯಾರ್ಕ್ ಮಾದರಿಯ ಬೆಂಕಿ ಪಾಲಿಸಿಯಲ್ಲಿ ಒಂದು ಷರತ್ತು ಕೂತಿತ್ತು: ಕಟ್ಟಡವಾಗಲಿ ಅದರ ಭಾಗವಾಗಲಿ ಬೆಂಕಿಯಿಂದಲ್ಲದೆ ಬೇರೆ ಕಾರಣದಿಂದ ಬಿದ್ದರೆ, ಆ ಕ್ಷಣವೇ ವಿಮೆ ನಿಲ್ಲುತ್ತದೆ. ಇದರ ಹಿಂದಿನ ಯೋಚನೆ ತೀರಾ ಅನ್ಯಾಯದ್ದೇನಲ್ಲ. ನಿಂತ ಮನೆಯ ಅಪಾಯಕ್ಕೆ ತಕ್ಕಂತೆ ಕಂತು ಕಟ್ಟಿಸಿಕೊಂಡಿರುತ್ತೇವೆ, ಬಿದ್ದ ಮನೆಯ ಕಟ್ಟಿಗೆ ರಾಶಿ ಬೇರೆಯೇ ವಸ್ತು ಎಂಬುದು ಅವರ ವಾದ. ಆದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದರ ಅರ್ಥ ಏನಾಯಿತು ನೋಡಿ. ಎಲ್ಲವೂ ಬೂದಿಯಾಗಿರುವ ಬೀದಿಯಲ್ಲಿ ನಿಂತು, ಈ ಮನೆ 5.12ಕ್ಕೆ ಬಿತ್ತೋ, ಅಥವಾ ನಿಂತೇ ಇದ್ದು ಮಧ್ಯಾಹ್ನ ಸುಟ್ಟಿತೋ ಎಂದು ಹೇಳಬೇಕು. ಮೊದಲನೆಯದಾದರೆ ಬಿಡಿಗಾಸಿಲ್ಲ, ಎರಡನೆಯದಾದರೆ ಪೂರ್ತಿ ಹಣ.

ಹಾಗಾಗಿ ಜನ ಫೋಟೊ ಹುಡುಕತೊಡಗಿದರು. ಕಂಪನ ನಿಂತ ಮೇಲೆ, ಬೆಂಕಿ ತಲುಪುವ ಮೊದಲು ಯಾರಾದರೂ ತೆಗೆದ ಚಿತ್ರದ ಮೂಲೆಯಲ್ಲಿ ತಮ್ಮ ಮನೆ ನೆಟ್ಟಗೆ ನಿಂತಿರುವುದು ಕಂಡರೆ ಅದೇ ದೊಡ್ಡ ಸಾಕ್ಷಿ. ಕಂಪನದಲ್ಲಿ ಜಖಂ ಆದ ಮನೆಗಳಿಗೆ ಮಾಲೀಕರೇ ಬೆಂಕಿ ಇಡುತ್ತಿದ್ದಾರೆ ಎಂಬ ವರದಿಗಳೂ ಆಗ ಬಂದವು. ನಮಗೆ ಇದರಿಂದ ಆಶ್ಚರ್ಯವಾಗಲಿಲ್ಲ. ಬಿದ್ದ ಮನೆಗೆ ಬೆಲೆಯಿಲ್ಲ, ಸುಟ್ಟ ಮನೆಗಿದೆ ಎಂದು ಕಾಗದ ಹೇಳುವಾಗ ಬೆಂಕಿಪೊಟ್ಟಣ ಕೈಗೆ ಬರುವುದು ಎಷ್ಟು ಹೊತ್ತು? ಊರಿನ ದೊಡ್ಡ ವ್ಯಾಪಾರಸ್ಥರಂತೂ 'ಭೂಕಂಪ' ಎಂಬ ಪದವನ್ನೇ ಹಿಂದಕ್ಕೆ ತಳ್ಳಿ, ಅದನ್ನು 'ಮಹಾ ಬೆಂಕಿ' ಎಂದೇ ಕರೆಯತೊಡಗಿದರು. ಭೂಕಂಪದ ಊರಿಗೆ ಬಂಡವಾಳ ಬರುವುದಿಲ್ಲ ಎಂಬ ಭಯವೂ ಅದರಲ್ಲಿತ್ತು.

ಕಂಪನಿಗಳ ನಡವಳಿಕೆ ಒಂದೇ ಥರ ಇರಲಿಲ್ಲ. ಲಂಡನ್ನಿನ ಲಾಯ್ಡ್ಸ್‌ನಲ್ಲಿ ಕೂತಿದ್ದ ಕತ್ಬರ್ಟ್ ಹೀತ್, ಪಾಲಿಸಿಯ ಷರತ್ತು ಏನೇ ಇರಲಿ ನಮ್ಮವರಿಗೆಲ್ಲ ಪೂರ್ತಿ ಹಣ ಕೊಡಿ ಎಂದು ತಂತಿ ಕಳಿಸಿದರು. ಹೀಗೆ ಪೂರ್ತಿ ಕೊಟ್ಟವರನ್ನು ಜನ 'ಡಾಲರಿಗೆ ಡಾಲರ್' ಕಂಪನಿಗಳೆಂದೂ, ನಾಲ್ಕರಲ್ಲಿ ಒಂದು ಪಾಲು ಮುರಿದುಕೊಂಡವರನ್ನು 'ಮುಕ್ಕಾಲು' ಕಂಪನಿಗಳೆಂದೂ ಕರೆದರು. ಆ ಊರಿನದೇ ಆದ ಫೈರ್‌ಮನ್ಸ್ ಫಂಡ್ ಕಂಪನಿಯ ಕಚೇರಿ, ಕಡತ ಎಲ್ಲ ಸುಟ್ಟಿದ್ದವು, ಅಷ್ಟು ಹಣವೂ ಇರಲಿಲ್ಲ. ಅದು ಅರ್ಧ ನಗದು ಕೊಟ್ಟು, ಉಳಿದರ್ಧಕ್ಕೆ ಕಂಪನಿಯ ಷೇರು ಕೊಟ್ಟಿತು. ಯುರೋಪಿನ ಕೆಲವು ಕಂಪನಿಗಳು ಇದು ಭೂಕಂಪ, ನಮಗೆ ಸಂಬಂಧವಿಲ್ಲ ಎಂದು ಹೇಳಿ ಗಂಟುಮೂಟೆ ಕಟ್ಟಿದವು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪಾಲಿಸಿ ಎಂಬ ಗೊಂದಲ ತಪ್ಪಿಸಲು ಕ್ಯಾಲಿಫೋರ್ನಿಯಾ 1909ರಲ್ಲಿ ಬೆಂಕಿ ಪಾಲಿಸಿಯ ಒಂದೇ ನಮೂನೆಯನ್ನು ಕಾನೂನಿನಿಂದ ಗೊತ್ತುಮಾಡಿತು.

ಈ ಜಗಳ ಹೆಸರು ಬದಲಿಸಿಕೊಂಡು ಬರುತ್ತಲೇ ಇರುತ್ತದೆ. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯ ಮನೆಗಳನ್ನು ಅಡಿಪಾಯದ ಕಾಂಕ್ರೀಟ್ ಹಲಗೆಯಷ್ಟೇ ಉಳಿಯುವಂತೆ ಬಳಿದು ಒಯ್ದಾಗ, ಅಲ್ಲಿ ಕೇಳಿದ ಪ್ರಶ್ನೆ, ಒಯ್ದದ್ದು ಗಾಳಿಯೋ ನೀರೋ? ಮನೆ ವಿಮೆಯಲ್ಲಿ ಗಾಳಿ ಒಳಗೆ, ಪ್ರವಾಹ ಹೊರಗೆ. ಪ್ರವಾಹಕ್ಕೆ 1968ರಿಂದ ಸರ್ಕಾರದ ಬೇರೆಯೇ ಯೋಜನೆ ಇತ್ತು, ಎಷ್ಟೋ ಮಂದಿ ಅದನ್ನು ಮಾಡಿಸಿರಲಿಲ್ಲ.

ನಮ್ಮಲ್ಲಿ? 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ಹೊತ್ತಿಕೊಂಡಿತು. ಒಳಗೆ ಹತ್ತಿ ಮೂಟೆಗಳು, ಚಿನ್ನದ ಗಟ್ಟಿಗಳು, ಮತ್ತು ಯುದ್ಧಕ್ಕೆಂದು ತಂದ ಸುಮಾರು 1,400 ಟನ್ ಸಿಡಿಮದ್ದು! ಎರಡು ಸ್ಫೋಟಗಳಲ್ಲಿ ಹಡಗುಗಳು, ಗೋದಾಮುಗಳು, ಬಂದರಿನ ಸುತ್ತಲ ಕೇರಿಗಳು ನಾಶವಾದವು. ಉರಿಯುವ ಹತ್ತಿ ಊರ ಮೇಲೆ ಮಳೆಯಾಗಿ ಸುರಿದು ಮತ್ತಷ್ಟು ಮನೆ ಸುಟ್ಟವು. ಪ್ರತಿವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು, ಅಂದು ಸತ್ತ ಅಗ್ನಿಶಾಮಕರ ನೆನಪಿಗೆ. ಸುಟ್ಟ ಮನೆಯವರ ಮುಂದೆ ಮತ್ತದೇ ಪ್ರಶ್ನೆ ಬಂತು. ಇದು ಬೆಂಕಿಯೇ, ಸ್ಫೋಟವೇ, ಯುದ್ಧವೇ? ಒಂದೊಂದಕ್ಕೆ ಒಂದೊಂದು ಕಾಗದ. ಕೊನೆಗೆ ಬ್ರಿಟಿಷ್ ಸರ್ಕಾರವೇ ಸುಗ್ರೀವಾಜ್ಞೆ ತಂದು ಪರಿಹಾರದ ಹೊಣೆ ಹೊತ್ತುಕೊಳ್ಳಬೇಕಾಯಿತು. ಪಾಲಿಸಿಗಳ ಸಾಲು ಬಿಡಿಸುತ್ತಾ ಕೂತಿದ್ದರೆ ಅದು ಎಂದಿಗೂ ಮುಗಿಯುತ್ತಿರಲಿಲ್ಲ.

ಸ್ವಾತಂತ್ರ್ಯದ ನಂತರ, 1973ರಿಂದ, ನೂರಕ್ಕೂ ಹೆಚ್ಚು ಸಾಮಾನ್ಯ ವಿಮಾ ಕಂಪನಿಗಳನ್ನು ಸರ್ಕಾರ ನಾಲ್ಕಾಗಿ ಕೂಡಿಸಿತು. ಬೆಂಕಿ ವಿಮೆಯ ದರವೂ ಅಕ್ಷರಗಳೂ ದೇಶಕ್ಕೆಲ್ಲ ಒಂದೇ ಆದವು. ದೊಡ್ಡಪ್ಪಯ್ಯನ ಮನೆಗೆ ಇದ್ದುದು ಆ ಸಂತತಿಯ ಪಾಲಿಸಿಯೇ, 'ಸ್ಟ್ಯಾಂಡರ್ಡ್ ಫೈರ್ ಆ್ಯಂಡ್ ಸ್ಪೆಷಲ್ ಪೆರಿಲ್ಸ್'. ಹೆಸರಿನಲ್ಲಿ ಬೆಂಕಿ ಮುಂದಿದ್ದರೂ ಒಳಗೆ ಸಿಡಿಲು, ಸ್ಫೋಟ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಎಲ್ಲ ಇದ್ದವು. ಲ್ಯಾಂಗ್‌ಡೇಲನ ಗಲಭೆ ಎರಡು ಶತಮಾನ ಕಳೆದು ಒಳಗೆ ಬಂದಿತ್ತು. ಭೂಕಂಪ ಬೇಕಿದ್ದರೆ ಮಾತ್ರ ಬೇರೆ ಹಣ.

ಮತ್ತು ಷರತ್ತುಗಳ ಪಟ್ಟಿಯ ಎರಡನೆಯದರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೂತಿತ್ತು. ಕಟ್ಟಡ ಅಥವಾ ಅದರ ಭಾಗ ಬಿದ್ದ ದಿನದಿಂದ ಏಳು ದಿನ ಕಳೆದರೆ ವಿಮೆ ನಿಲ್ಲುತ್ತದೆ. ಆ ಏಳು ದಿನದೊಳಗೆ ಕಂಪನಿಗೆ ತಿಳಿಸಿದರೆ ಮುಂದುವರಿಸಬಹುದು. ದೊಡ್ಡಪ್ಪಯ್ಯನ ಗೋಡೆಗೂ ಬೆಂಕಿಗೂ ನಡುವೆ 18 ದಿನ. ಯಾರು ಯಾರಿಗೆ ತಿಳಿಸಬೇಕಿತ್ತು? ಪಾಲಿಸಿ ಇರುವುದೇ ಗೊತ್ತಿಲ್ಲದವರು?

ಆದರೆ ಅದೇ ಷರತ್ತಿನ ಬಾಲದಲ್ಲಿ ಇನ್ನೊಂದು ಮಾತಿತ್ತು: ವಿಮೆಯೊಳಗಿನ ಅಪಾಯದಿಂದಲೇ ಬಿದ್ದಿದ್ದರೆ ಇದು ಅನ್ವಯಿಸುವುದಿಲ್ಲ. ಪ್ರವಾಹ, ಜಲಾವೃತ ಎರಡೂ ವಿಮೆಯೊಳಗಿದ್ದವು. ಬರೀ 'ಮಳೆ' ಎಂಬ ಪದ ಪಟ್ಟಿಯಲ್ಲಿರಲಿಲ್ಲ. ನಾವು ಮತ್ತೆ ಹೋಗಿ ಕೇಳಿದಾಗ ದೊಡ್ಡಮ್ಮ ಒಳಗಿಂದ ಹೇಳಿದರು, "ತನ್ನಷ್ಟಕ್ಕೆ ಎಲ್ಲಿ ಬಿತ್ತು? ಹಳ್ಳದ ನೀರು ಹಿತ್ತಿಲಿಗೆ ಬಂದು ಎರಡು ದಿನ ನಿಂತಿತ್ತಲ್ಲ. ದನ ಬಿಚ್ಚಿ ಮೇಲಿನ ಮನೆ ಕೊಟ್ಟಿಗೇಲಿ ಕಟ್ಟಿದ್ದು ನಾನೇ." ಆ ವರ್ಷದ ನೆರೆಗೆ ಸರ್ಕಾರ ಮನೆಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಎ ವರ್ಗಕ್ಕೆ ₹5 ಲಕ್ಷ, ಭಾಗಶಃ ಹಾನಿಯ ಸಿ ವರ್ಗಕ್ಕೆ ₹50,000 ಘೋಷಿಸಿತ್ತು. ಊರೂರಲ್ಲಿ ನಮ್ಮದು ಎ, ನಿಮ್ಮದು ಸಿ ಎಂಬ ಜಗಳ ನಾವೆಲ್ಲ ವರದಿ ಮಾಡಿದ್ದೇ. ದೊಡ್ಡಪ್ಪಯ್ಯನ ಗೋಡೆ ಸಿ ಆಗಿತ್ತು. ಆ ಅರ್ಜಿಗೆಂದು ಗ್ರಾಮಲೆಕ್ಕಿಗರು ಬರೆದ ಪಂಚನಾಮೆಯಲ್ಲಿ "ಹಳ್ಳದ ನೀರು ನುಗ್ಗಿ ಹಿಂಗೋಡೆ ಕುಸಿದಿರುತ್ತದೆ" ಎಂಬ ಸಾಲು, ತಾರೀಕಿನ ಸಮೇತ, ಇತ್ತು. ಅದರ ಜೆರಾಕ್ಸ್ ಪ್ರತಿಯನ್ನು ಸರ್ವೇಯರ್‌ಗೆ ಕೊಟ್ಟೆವು. ಅವರು ಓದಿ, ಇದನ್ನು ಮೊದಲೇ ಕೊಡಬಾರದಿತ್ತೇ ಎಂದರು.

ಕ್ಲೇಮು ಉಳಿಯಿತು. ಪೂರ್ತಿ ಉಳಿಯಲಿಲ್ಲ. ಬ್ಯಾಂಕು ತನ್ನ ಸಾಲದ ಮೊತ್ತಕ್ಕೆ, ಅಂದರೆ ₹6 ಲಕ್ಷಕ್ಕೆ, ವಿಮೆ ಮಾಡಿಸಿತ್ತು. ಅಂಥ ಮನೆ ಮತ್ತೆ ಕಟ್ಟಲು ₹15 ಲಕ್ಷ ಬೇಕು ಎಂದು ಸರ್ವೇಯರ್ ಲೆಕ್ಕ ಹಾಕಿದರು. ಬೆಲೆಯ ಐದರಲ್ಲಿ ಎರಡು ಪಾಲಿಗಷ್ಟೇ ವಿಮೆ ಇದ್ದರೆ, ನಷ್ಟದಲ್ಲೂ ಐದರಲ್ಲಿ ಎರಡು ಪಾಲೇ ಸಿಗುವುದು. ₹5 ಲಕ್ಷದ ಸುಟ್ಟ ಮಾಡಿಗೆ ₹2 ಲಕ್ಷ ಬಂತು. ಅಡಿಕೆಗೆ ಏನೂ ಬರಲಿಲ್ಲ, ವಿಮೆ ಕಟ್ಟಡಕ್ಕೆ ಮಾತ್ರ ಇತ್ತು. ದೊಡ್ಡಪ್ಪಯ್ಯನಿಗೆ ಮಾಡಿಗಿಂತ ಅಡಿಕೆಯದೇ ಸಂಕಟ.

2021ರ ಏಪ್ರಿಲ್ 1ರಿಂದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಹೊಸ ಪಾಲಿಸಿ ಬಂದಿದೆ. ಎಲ್ಲ ಕಂಪನಿಗಳೂ ಒಂದೇ ನಮೂನೆಯಲ್ಲಿ ಕೊಡಬೇಕು. ಭೂಕಂಪ ಈಗ ಒಳಗೇ ಇದೆ. ಐದರಲ್ಲಿ ಎರಡು ಎಂಬ ಕಡಿತವನ್ನು ಕೈಬಿಟ್ಟಿದ್ದಾರೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೂ ಅದರ ಶೇಕಡ 20ರಷ್ಟು, ₹10 ಲಕ್ಷ ಮೀರದಂತೆ, ತಾನಾಗಿಯೇ ರಕ್ಷಣೆ. ಅವಘಡವಾದ ಏಳು ದಿನದೊಳಗೆ ಅದೇ ಗಲಾಟೆಯಲ್ಲಿ ಕಳ್ಳತನವಾದರೆ ಅದಕ್ಕೂ ಉಂಟು. ಹಳೆಯದಕ್ಕೆ ಹೋಲಿಸಿದರೆ ಭಾಷೆಯೂ ಎಷ್ಟೋ ಸರಳ, ಇಂಗ್ಲಿಷಿನಲ್ಲೇ ಇದ್ದರೂ.

ಮೊನ್ನೆ ಅದನ್ನು ಗೆಳೆಯನ ಮನೆಯ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆವು. ದೊಡ್ಡಪ್ಪಯ್ಯ ಈ ಸಲ ಒಂದೊಂದು ಪದಕ್ಕೂ ತಡೆದು ಕೇಳುತ್ತಿದ್ದರು. ಭೂಕುಸಿತದ ಸಾಲು ಬಂತು. ಕುಸಿತ ವಿಮೆಯೊಳಗಿದೆ. ಆದರೆ ಸಮುದ್ರ ಕೊರೆತ, ನದಿ ಕೊರೆತ ಹೊರಗೆ. ಕಡಲು ಪ್ರತಿವರ್ಷ ಮನೆ ತಿನ್ನುವ ಉಳ್ಳಾಲದ ಕಡೆಯವರು ಇದನ್ನು ಓದಿಕೊಳ್ಳಬೇಕು. ಕಟ್ಟಡ ಕೆಲಸ, ನೆಲ ಅಗೆತದಿಂದ ಆದ ಕುಸಿತವೂ ಹೊರಗೆ.

"ಯಾರು ಅಗೆದದ್ದು?" ಎಂದರು ದೊಡ್ಡಪ್ಪಯ್ಯ.

ಅವರ ತೋಟದ ಮೇಲಿನ ಗುಡ್ಡವನ್ನು ರಸ್ತೆ ಅಗಲ ಮಾಡಲು ಕಡಿದಿದ್ದಾರೆ. ಕೆಂಪು ಧರೆ ಹಸಿಯಾಗಿ ನಿಂತಿದೆ. 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗಲೂ ಚರ್ಚೆಯಾದದ್ದು ಇದೇ, ಮಳೆಯೋ, ಮನುಷ್ಯ ಕಡಿದ ಧರೆಯೋ ಎಂದು. ನಾಳೆ ಈ ಗುಡ್ಡ ಮನೆಯ ಮೇಲೆ ಬಂದರೆ ಅದು ಭೂಕುಸಿತವೇ, ಅಗೆತವೇ? ಅಗೆದವರು ಬೇರೆಯವರಾದರೆ? ಪಾಲಿಸಿಯನ್ನು ಮೂರು ಸಲ ಓದಿದೆವು. ಉತ್ತರ ನಮಗೆ ಸ್ಪಷ್ಟವಾಗಲಿಲ್ಲ. ದೊಡ್ಡಪ್ಪಯ್ಯನ ಹೆಸರಿನಲ್ಲಿ, ಧರೆಯ ಎರಡು ಫೋಟೊ ಲಗತ್ತಿಸಿ, ಕಂಪನಿಗೆ ರಿಜಿಸ್ಟರ್ಡ್ ಪತ್ರ ಹಾಕಿದ್ದೇವೆ. ಮುಟ್ಟಿದ ಬಗ್ಗೆ ಅಂಚೆಯ ಹಳದಿ ಚೀಟಿ ವಾಪಸು ಬಂದಿದೆ. ಪತ್ರಕ್ಕೆ ಉತ್ತರ ಇನ್ನೂ ಬಂದಿಲ್ಲ.